ಕಾಲುವೆಯ ನಾಡಿನಲ್ಲಿ ರೊಟ್ಟಿಯ ಮನೆಗಳು

ಬಳ್ಳಾರಿಯ ಕಡೆಯಿಂದ ಹೊರಟು, ಸಿರುಗುಪ್ಪವನ್ನು ಹಿಂದೆ ಹಾಕಿ, ದಢೇಸೂಗೂರಿನ ಸೇತುವೆಯ ಮೇಲೆ ತುಂಗಭದ್ರೆಯನ್ನು ದಾಟಿ ರಾಯಚೂರು ಜಿಲ್ಲೆಯನ್ನು ಪ್ರವೇಶಿಸುವ ಪ್ರಯಾಣಿಕನ ಕಣ್ಣಿಗೆ ಮೊದಲು ಬೀಳುವುದು ಭತ್ತ. ಹೊಳೆಯ ದಂಡೆಯ ಮುಕ್ಕುಂದದಿಂದ ಹಿಡಿದು ತಾಲ್ಲೂಕಿನ ಮುಖ್ಯ ಪಟ್ಟಣವಾದ ಸಿಂಧನೂರಿನವರೆಗೆ, ನೀರು ಬಿಟ್ಟ ದಿನಗಳಲ್ಲಿ ಹಸಿರೆಂದರೆ ಭತ್ತದ ಹಸಿರೇ. ರಸ್ತೆಯ ಅಂಚಿಗೆ ಅಕ್ಕಿಯ ಗಿರಣಿಗಳು. ಸುಗ್ಗಿಯ ಕಾಲದಲ್ಲಿ ಡಾಂಬರಿನ ಮೇಲೆಯೇ ಒಣಹಾಕಿದ ಕಾಳು. ಅದರ ಬದಿಯಲ್ಲಿ ಚೀಲ ಹೊತ್ತ ಲಾರಿಗಳ ಸಾಲು. ರಾಯಚೂರೆಂದರೆ ಬಿಸಿಲು, ಬರ, ಬಯಲು ಎಂದು ಭೂಗೋಳದ ಪುಸ್ತಕದಲ್ಲಿ ಓದಿ ಬಂದ ಪಟ್ಟಣಿಗನು ಇಲ್ಲಿ ಒಂದು ಕ್ಷಣ ತಾನೆಲ್ಲಿದ್ದೇನೆಂದು ಯೋಚಿಸಿದರೆ ಆಶ್ಚರ್ಯವಿಲ್ಲ.

ಇಂಥ ನಾಡಿನಲ್ಲಿ ಹಸಿದವನಿಗೆ ದೊರೆಯಬೇಕಾದುದು ಅನ್ನವಲ್ಲದೆ ಮತ್ತೇನು? ಆದರೆ ಸಿಂಧನೂರಿನ ಬಸ್ ನಿಲ್ದಾಣದಿಂದ ಹೊರಬಿದ್ದು, ಮಧ್ಯಾಹ್ನದ ಹೊತ್ತಿಗೆ ಯಾವುದಾದರೂ ಒಂದು ಖಾನಾವಳಿಯನ್ನು ಹೊಕ್ಕು ಕುಳಿತರೆ, ತಟ್ಟೆಗೆ ಮೊದಲು ಬಂದು ಬೀಳುವುದು ಬಿಸಿ ಜೋಳದ ರೊಟ್ಟಿ. ಅನ್ನ ಬರುವುದು ಆಮೇಲೆ, ಒಂದು ಬಟ್ಟಲಿನಷ್ಟು, ಊಟವನ್ನು ಮುಗಿಸುವುದಕ್ಕೆ. ಕಣ್ಣಳತೆಯ ಹೊಲಗಳಲ್ಲೆಲ್ಲೂ ಕಾಣದ ಬೆಳೆ ಇಲ್ಲಿಯ ಊಟದ ಮನೆಗಳಲ್ಲಿ ಯಜಮಾನನ ಸ್ಥಾನದಲ್ಲಿ ಕುಳಿತಿದೆ. ಈ ಕಡೆಗೆ ಬರುವ ಕುಟುಂಬಗಳು ಎಲ್ಲಿ, ಏನನ್ನು, ಯಾವ ಹೊತ್ತಿಗೆ ಉಣ್ಣಬೇಕೆಂಬುದನ್ನು ತಿಳಿಯಬೇಕಾದರೆ ಈ ವೈಚಿತ್ರ್ಯವನ್ನೂ ಸ್ವಲ್ಪ ತಿಳಿಯಬೇಕಾಗುತ್ತದೆ.

ಬೆಳಗಿನ ವಗ್ಗರಣೆ

ದಿನದ ಆರಂಭ ಮಾತ್ರ ರೊಟ್ಟಿಯಿಂದಲ್ಲ, ವಗ್ಗರಣೆ-ಮಿರ್ಚಿಯಿಂದ. ‘ಒಗ್ಗರಣೆ’ ಎಂದರೆ ಸಾಸಿವೆ ಸಿಡಿಸಿ ಸಾರಿಗೆ ಹಾಕುವ ಕ್ರಿಯೆಯೆಂದು ತಿಳಿದಿರುವ ಮೈಸೂರು ಸೀಮೆಯವರಿಗೆ ಇಲ್ಲಿ ಅದೇ ಒಂದು ತಿಂಡಿಯ ಹೆಸರೆಂಬುದು ವಿಚಿತ್ರವಾಗಿ ತೋರಬಹುದು. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಯಾವ ಹಳ್ಳಿಗೆ ಹೋದರೂ, ಮುಕ್ಕುಂದದಂಥ ಹೊಳೆದಂಡೆಯ ಊರಿನಲ್ಲಿಯೂ, ‘ಹೋಟೆಲು’ ಎಂದರೆ ಬಹುಮಟ್ಟಿಗೆ ಈ ತಿಂಡಿಯನ್ನು ಮಾಡಿಕೊಡುವ ಒಂದು ತಗಡಿನ ಸೂರು, ಎರಡು ಬೆಂಚು, ಉರಿಯುವ ಒಲೆ, ಹೊಗೆ ಹಿಡಿದ ಬಾಣಲೆ ಎಂದೇ ಅರ್ಥ.

ಮಂಡಕ್ಕಿಯನ್ನು ನೀರಿಗೆ ಹಾಕಿದಂತೆ ಮಾಡಿ, ಅದು ಮುದ್ದೆಯಾಗುವ ಮೊದಲೇ ಹಿಂಡಿ ತೆಗೆಯುತ್ತಾರೆ. ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಕರಿಬೇವು, ಹಸಿಮೆಣಸಿನಕಾಯಿ, ಕೈತುಂಬ ಹೆಚ್ಚಿದ ಉಳ್ಳಾಗಡ್ಡಿ. ಮೇಲೊಂದು ಚಿಟಿಕೆ ಅರಿಶಿನ, ಸ್ವಲ್ಪ ಹುಳಿ. ಅದರಲ್ಲಿ ಮಂಡಕ್ಕಿಯನ್ನು ಹೊರಳಿಸಿ, ಕೊನೆಗೆ ಪುಟಾಣಿಯ ಹಿಟ್ಟನ್ನು ಉದುರಿಸಿದರೆ ವಗ್ಗರಣೆ ಸಿದ್ಧ. ಈ ಹಿಟ್ಟಿನಲ್ಲಿಯೇ ಅದರ ಗುಟ್ಟು. ನೀರುಂಡ ಮಂಡಕ್ಕಿಯ ತೇವವನ್ನು ಅದು ಹೀರಿಕೊಂಡು, ಪ್ರತಿಯೊಂದು ಕಾಳನ್ನೂ ಬೇರೆಯಾಗಿ ನಿಲ್ಲಿಸುತ್ತದೆ. ಪಕ್ಕದಲ್ಲಿ, ಉದ್ದನೆಯ ಹಸಿಮೆಣಸಿನಕಾಯಿಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಮಿರ್ಚಿ. ವಗ್ಗರಣೆಯ ಮೃದುತ್ವಕ್ಕೂ ಮಿರ್ಚಿಯ ಗರಿಗೂ ಇರುವ ದಾಂಪತ್ಯವನ್ನು ಬೇರ್ಪಡಿಸಬಾರದು. ಬರೀ ವಗ್ಗರಣೆಯನ್ನು ಕೇಳುವವನನ್ನು ಹೋಟೆಲಿನವನು ಒಂದು ಸಲ ನೋಡಿ, “ಮಿರ್ಚಿ ಬ್ಯಾಡೇನ್ರಿ?” ಎಂದು ಕೇಳದೆ ಬಿಡುವುದಿಲ್ಲ.

ಇದನ್ನು ತಿನ್ನಬೇಕಾದುದು ಬೆಳಗ್ಗೆ ಏಳರಿಂದ ಹತ್ತರೊಳಗೆ, ಇಲ್ಲವೆ ಸಂಜೆ ನಾಲ್ಕರ ನಂತರ, ಬಾಣಲೆಯ ಎದುರಿಗೆ ನಿಂತು. ಕಟ್ಟಿಸಿಕೊಂಡು ಹೋಗಿ ವಸತಿಗೃಹದಲ್ಲಿ ತಿನ್ನುವ ಯೋಚನೆ ಬೇಡ. ಅರ್ಧ ಗಂಟೆಯಲ್ಲಿ ಮಿರ್ಚಿ ಬೆವರುತ್ತದೆ, ವಗ್ಗರಣೆ ಒಣಗುತ್ತದೆ. ತಿಂದಾದ ಮೇಲೆ ಅರ್ಧ ಲೋಟ ಚಹಾ. ಕಾಫಿಯನ್ನು ಕೇಳಿದರೆ ಪಟ್ಟಣದಲ್ಲಿ ಉಡುಪಿಯವರ ಹೋಟೆಲಿನ ದಾರಿಯನ್ನು ತೋರಿಸುತ್ತಾರೆ. ಉಡುಪಿಯ ಹೋಟೆಲುಗಳ ಇಡ್ಲಿ, ದೋಸೆಗಳು ಇಲ್ಲಿಯೂ ಉಡುಪಿಯ ಇಡ್ಲಿ, ದೋಸೆಗಳೇ. ಅವುಗಳಿಗಾಗಿ ಇಷ್ಟು ದೂರ ಬರಬೇಕಾದ ಅಗತ್ಯವಿಲ್ಲ.

ಹೆಸರಿಲ್ಲದ ಪ್ರಸಿದ್ಧಿ

ಬೆಂಗಳೂರಿನಲ್ಲಿ ಊಟ-ತಿಂಡಿಯ ಮನೆಗಳಿಗೆ ಇತಿಹಾಸವಿದೆ. ಮಾವಳ್ಳಿ ಟಿಫಿನ್ ರೂಮ್ಸ್ 1924ರಲ್ಲಿ, ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಆರಂಭವಾದವೆಂದು ಅಲ್ಲಿ ದೋಸೆ ತಿನ್ನುವ ಮಕ್ಕಳೂ ಹೇಳಬಲ್ಲರು. ಧಾರವಾಡದ ಬಸಪ್ಪ ಖಾನಾವಳಿಯ ಹೆಸರು ಜಿಲ್ಲೆಯ ಗಡಿಯನ್ನು ದಾಟಿದೆ. ಸಿಂಧನೂರಿನ ಕಡೆಯ ಖಾನಾವಳಿಗಳಿಗೆ ಈ ಭಾಗ್ಯವಿಲ್ಲ. ಫಲಕಗಳ ಮೇಲೆ ಬಸವೇಶ್ವರ, ವೀರಭದ್ರೇಶ್ವರ, ಅನ್ನಪೂರ್ಣೇಶ್ವರಿಯರ ಹೆಸರುಗಳೇ ಊರೂರಿಗೂ ಮರಳಿ ಮರಳಿ ಬರುವುದರಿಂದ, ಹೆಸರು ಹಿಡಿದು ಹುಡುಕುವ ಪದ್ಧತಿ ಇಲ್ಲಿ ಫಲಿಸದು. ಸ್ಥಳೀಯರು ಕೂಡ ಖಾನಾವಳಿಯನ್ನು ಗುರುತಿಸುವುದು ಸರ್ಕಲ್ಲಿನಿಂದ, ಗಂಜ್‌ನಿಂದ, ಇಲ್ಲವೆ ಅಲ್ಲಿ ರೊಟ್ಟಿ ಮಾಡುವ ಹೆಂಗಸಿನ ಕೈಗುಣದಿಂದ.

ಹೊಸಬನಿಗೆ ನೆರವಾಗುವ ಗುರುತುಗಳು ಬೇರೆ ಇವೆ. ಮೊದಲನೆಯದು ಶಬ್ದ. ಒಳಗಿನಿಂದ ಅಂಗೈಯಿಂದ ರೊಟ್ಟಿ ಬಡಿಯುವ ಪಟಪಟ ಸದ್ದು ಕೇಳಬೇಕು. ಕೇಳದಿದ್ದರೆ ರೊಟ್ಟಿ ಬೆಳಗ್ಗೆಯೇ ಮಾಡಿಟ್ಟದ್ದು, ಇಲ್ಲವೆ ಹೊರಗಿನಿಂದ ತರಿಸಿದ್ದು. ಎರಡನೆಯದು ಉಣ್ಣುವವರು. ಕೃಷಿ ಮಾರುಕಟ್ಟೆಗೆ ಕಾಳು ತಂದ ರೈತರೂ ಕಚೇರಿಯ ಗುಮಾಸ್ತರೂ ಒಂದೇ ಸಾಲಿನಲ್ಲಿ ಕುಳಿತಿದ್ದರೆ ಧೈರ್ಯವಾಗಿ ಒಳಗೆ ಹೋಗಬಹುದು. ಇನ್ನೊಂದುಂಟು: ಎರಡೂವರೆ ಗಂಟೆಗೆ “ರೊಟ್ಟಿ ಮುಗದಾವ್ರಿ” ಎಂದು ಹೇಳುವ ಖಾನಾವಳಿಯ ಮೇಲೆ ಸಿಟ್ಟಾಗದೆ, ಮರುದಿನ ಹನ್ನೆರಡೂವರೆಗೆ ಅಲ್ಲಿಗೇ ಹೋಗುವುದು ಜಾಣತನ.

‘ಖಾನಾವಳಿ’ ಮರಾಠಿಯಿಂದ ಬಂದ ಮಾತು. ಮನೆಯಿಂದ ದೂರವಿರುವ ವಿದ್ಯಾರ್ಥಿಗಳಿಗೆ, ನೌಕರರಿಗೆ ತಿಂಗಳ ಲೆಕ್ಕದಲ್ಲಿ ಊಟ ಹಾಕುವ ಮನೆಯೆಂಬ ಅರ್ಥ ಅದಕ್ಕೆ ಈಗಲೂ ಪೂರ್ತಿ ಅಳಿದಿಲ್ಲ. ಹಲವು ಖಾನಾವಳಿಗಳು ನಿಜಕ್ಕೂ ಮನೆಗಳೇ: ಮುಂದಿನ ಪಡಸಾಲೆಯಲ್ಲಿ ಮೇಜುಗಳು, ಹಿಂದೆ ಅಡುಗೆ, ಮಧ್ಯದಲ್ಲಿ ದೇವರ ಪಟ, ಗಲ್ಲೆಯ ಮೇಲೆ ಮನೆಯ ಹಿರಿಯರು. ಬಡಿಸುವವರು ಗಿರಾಕಿಯನ್ನು ಅಣ್ಣಾರ, ಅಕ್ಕಾರ ಎಂದೇ ಕರೆಯುವುದು. “ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ ಅಣ್ಣಾರ?” ಎಂಬ ಪ್ರಶ್ನೆಗೆ ಬೇಡವೆಂದು ಒಂದು ಸಲ ಹೇಳಿದರೆ ಅದು ಬೇಡವೆಂದಲ್ಲ, ಸಂಕೋಚವೆಂದು ಇಲ್ಲಿ ತಿಳಿಯುತ್ತಾರೆ. ನಿಜವಾಗಿ ಬೇಡವಾಗಿದ್ದರೆ ತಟ್ಟೆಯ ಮೇಲೆ ಅಂಗೈಯನ್ನು ಅಡ್ಡ ಹಿಡಿಯಬೇಕು.

ತಟ್ಟೆಯ ವಿಚಾರ

ರೊಟ್ಟಿಯ ಜೊತೆಗೆ ಬರುವುದು ಎರಡು ಪಲ್ಯ. ಒಂದು ಕಾಳಿನದು: ಹೆಸರು, ಮಡಿಕೆ, ಅಲಸಂದಿ, ಯಾವುದಾದರೂ ಸರಿ. ಇನ್ನೊಂದು ಕಾಯಿಯದು, ಭಾಗ್ಯವಿದ್ದ ದಿನ ಎಣ್ಣೆಗಾಯಿ. ಎಳೆಯ ಮುಳ್ಳುಬದನೆಯನ್ನು ತೊಟ್ಟು ಕಳಚದಂತೆ ನಾಲ್ಕು ಹೋಳಾಗಿ ಸೀಳಿ, ಶೇಂಗಾ, ಎಳ್ಳು, ಗುರೆಳ್ಳು, ಬೆಲ್ಲ, ಹುಣಸೆ, ಮಸಾಲೆಗಳ ಹೂರಣವನ್ನು ತುಂಬಿ, ಸಣ್ಣ ಉರಿಯಲ್ಲಿ ಎಣ್ಣೆ ಬಿಡುವವರೆಗೆ ಬೇಯಿಸಿದ ಪದಾರ್ಥ ಅದು. ಬದನೆಕಾಯಿಯನ್ನು ಕಂಡರೆ ಮುಖ ತಿರುಗಿಸುವ ಮಕ್ಕಳಿಗೂ ಒಮ್ಮೆ ರುಚಿ ತೋರಿಸಬೇಕು.

ತಟ್ಟೆಯ ಅಂಚಿನಲ್ಲಿ ಚಟ್ನಿಪುಡಿಗಳು. ಶೇಂಗಾದ್ದು ಕೆಂಪಗೆ, ಗುರೆಳ್ಳಿನದು ಕಪ್ಪಗೆ, ಅಗಸಿಯದು ಕಂದುಬಣ್ಣ. ಪುಡಿಯ ಮೇಲೆ ಮೊಸರನ್ನೋ ಹಸಿಯ ಎಣ್ಣೆಯನ್ನೋ ಹಾಕಿ ಕಲಸಿಕೊಳ್ಳುವುದು ಕ್ರಮ. ಇದಲ್ಲದೆ ಹಸಿ ಮೆಂತ್ಯದ ಸೊಪ್ಪು, ಸೌತೆಕಾಯಿ, ಮೂಲಂಗಿ, ಗುದ್ದಿದ ಉಳ್ಳಾಗಡ್ಡಿ. ಮೆಂತ್ಯದ ಸೊಪ್ಪನ್ನು ಹಸಿಯಾಗಿಯೇ ರೊಟ್ಟಿಯ ತುತ್ತಿನೊಡನೆ ತಿನ್ನುವುದನ್ನು ಕಂಡು ಹೊಸಬರು ಮೊದಲು ಹಿಂಜರಿಯುತ್ತಾರೆ; ಆಮೇಲೆ ಎರಡನೆಯ ಸಲ ಕೇಳುತ್ತಾರೆ. ಕಹಿಯೂ ಖಾರವೂ ಒಂದನ್ನೊಂದು ಹದಕ್ಕೆ ತರುವ ಈ ವಿದ್ಯೆಯನ್ನು ಈ ನಾಡಿನ ಹೆಣ್ಣುಮಕ್ಕಳು ಯಾವ ಪಾಕಶಾಸ್ತ್ರದಿಂದಲೂ ಕಲಿತುದಲ್ಲ. ಖಾರ ಕಡಿಮೆ ಮಾಡಿ ಎಂದು ಕೇಳುವುದು ವ್ಯರ್ಥ. ಮಸಾಲೆ ಆಗಲೇ ಅರೆದಾಗಿರುತ್ತದೆ. ಮೊಸರನ್ನು ಹೆಚ್ಚು ಹಾಕಿಸಿಕೊಳ್ಳುವುದೇ ಅದಕ್ಕಿರುವ ಪರಿಹಾರ.

ರೊಟ್ಟಿಯನ್ನು ಕುರಿತು ಒಂದು ಮಾತು ಹೇಳಲೇಬೇಕು. ಗೋಧಿಯ ಹಿಟ್ಟಿಗಿರುವ ಅಂಟು ಜೋಳದ ಹಿಟ್ಟಿಗಿಲ್ಲ. ತಣ್ಣೀರಿನಲ್ಲಿ ಕಲಸಿ ಲಟ್ಟಣಿಗೆಯಿಂದ ಎಳೆಯಹೋದರೆ ಅದು ಅಂಚಿನಲ್ಲಿ ಸೀಳಿಬಿಡುತ್ತದೆ. ಆದ್ದರಿಂದಲೇ ಕುದಿಯುವ ನೀರಿನಲ್ಲಿ ಹಿಟ್ಟನ್ನು ಕಲಸಿ, ಬಿಸಿಯಿರುವಾಗಲೇ ನಾದಿ, ಅಂಗೈಯಿಂದ ಬಡಿಬಡಿದು ತಿರುಗಿಸುತ್ತ ಅಗಲ ಮಾಡುವುದು. ಹಂಚಿಗೆ ಹಾಕಿ, ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರಿ, ಮಗುಚಿ, ಕೊನೆಗೆ ಕೆಂಡದ ಎದುರಿಗೆ ಆನಿಸಿದಾಗ ರೊಟ್ಟಿ ಉಬ್ಬುತ್ತದೆ. ಬೀಸಿ ಬಹಳ ದಿನವಾದ ಹಿಟ್ಟಿಗೆ ಈ ಗುಣವಿಲ್ಲ. ಬೆಂಗಳೂರಿನ ಅಂಗಡಿಯಲ್ಲಿ ಪೊಟ್ಟಣದ ಹಿಟ್ಟು ತಂದು, ರೊಟ್ಟಿ ಹರಿಯಿತೆಂದು ತಮ್ಮ ಕೈಯನ್ನು ಬಯ್ದುಕೊಳ್ಳುವ ಗೃಹಿಣಿಯರು ಇದನ್ನು ಗಮನಿಸಬೇಕು. ತಪ್ಪು ಹಲವು ಸಲ ಕೈಯದಲ್ಲ, ಹಿಟ್ಟಿನದು.

ಕಾಲುವೆ ಬಂದ ಮೇಲೆ

ಈ ರೊಟ್ಟಿಯ ಜೋಳ ಒಂದು ಕಾಲಕ್ಕೆ ಸಿಂಧನೂರಿನ ಹೊಲಗಳದೇ ಆಗಿತ್ತು. ಕರಿಯ ಎರೆಮಣ್ಣು ಮಳೆಗಾಲದ ತೇವವನ್ನು ಹಿಡಿದಿಟ್ಟುಕೊಂಡು, ಹಿಂಗಾರಿಯ ಬಿಳಿಜೋಳವನ್ನು ಇಬ್ಬನಿಯ ಆಸರೆಯಲ್ಲಿ ಬೆಳೆಸುತ್ತಿತ್ತು. ಮಳೆ ತಪ್ಪಿದ ವರ್ಷ ಜೋಳವೂ ಇಲ್ಲ, ದನಗಳಿಗೆ ಮೇವೂ ಇಲ್ಲ. 1876-78ರ ಮಹಾಕ್ಷಾಮ ಬಳ್ಳಾರಿ-ರಾಯಚೂರು ಸೀಮೆಯನ್ನು ಹಿಂಡಿದ ಕಥೆ ಚರಿತ್ರೆಯಲ್ಲಿ ದಾಖಲಾಗಿದೆ. ಆ ಬರದ ನೆಲಕ್ಕೆ ನೀರು ಕೊಡಬೇಕೆಂದೇ ಮದರಾಸು ಮತ್ತು ಹೈದರಾಬಾದು ಸರಕಾರಗಳು ಕೂಡಿ 1945ರಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟವು. 1953ರಲ್ಲಿ ನೀರು ಹರಿಯಿತು. ನಿಜಾಮರ ರಾಜ್ಯಕ್ಕೆ ಸೇರಿದ್ದ ರಾಯಚೂರು ಜಿಲ್ಲೆಗೆ ಬಂದುದು ಎಡದಂಡೆಯ ಕಾಲುವೆ. ಅದರ ಉದ್ದ 227 ಕಿಲೋಮೀಟರು.

ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಆ ಕಾಲುವೆಯನ್ನು ಯೋಜಿಸಿದುದು ಮುಖ್ಯವಾಗಿ ಭತ್ತಕ್ಕಾಗಿ ಅಲ್ಲ. ಸ್ವಲ್ಪ ನೀರನ್ನು ಬಹಳ ಭೂಮಿಗೆ ತೆಳುವಾಗಿ ಹಂಚಿ, ಜೋಳ, ಶೇಂಗಾ, ಹತ್ತಿಗಳಂಥ ಅಲ್ಪನೀರಿನ ಬೆಳೆಗಳನ್ನು ಬರದಿಂದ ಕಾಪಾಡುವುದು ಅದರ ಮೂಲ ಉದ್ದೇಶ. ಆದರೆ ಮನೆಯ ಬಾಗಿಲಿಗೆ ನೀರು ಬಂದಾಗ ಅದನ್ನು ಹನಿಯ ಲೆಕ್ಕದಲ್ಲಿ ಬಳಸುವವರು ಯಾರು? ಕರಾವಳಿ ಆಂಧ್ರದ ಕೃಷ್ಣಾ, ಗೋದಾವರಿ ಬಯಲುಗಳಿಂದ ಗದ್ದೆಯ ಬೇಸಾಯವನ್ನು ಬಲ್ಲ ರೈತರು ಬಂದು, ಭೂಮಿಯನ್ನು ಕೊಂಡು, ಕಾಲುವೆಯ ಉದ್ದಕ್ಕೂ ‘ಕ್ಯಾಂಪು’ಗಳನ್ನು ಕಟ್ಟಿದರು. ಅವರ ಗದ್ದೆಗಳನ್ನು ನೋಡಿ ಊರಿನವರೂ ಎರೆಹೊಲಗಳಿಗೆ ಬದು ಹಾಕಿದರು. ಮೇಲ್ಭಾಗದಲ್ಲಿ ಭತ್ತ ಹಬ್ಬಿದಷ್ಟೂ ಕೆಳಭಾಗದ ಮಾನ್ವಿ, ರಾಯಚೂರುಗಳ ಕಡೆಗೆ ನೀರು ತಲುಪುವುದು ಕಷ್ಟವಾಯಿತು. ಆ ಜಗಳ ಪ್ರತಿ ವರ್ಷದ್ದು, ಇನ್ನೂ ಮುಗಿದಿಲ್ಲ.

ಜೋಳ ಹಿಂದೆ ಸರಿದುದಕ್ಕೆ ಭತ್ತದ ಲಾಭವೊಂದೇ ಕಾರಣವಲ್ಲ. ಜೋಳದ ದಂಟು ಎತ್ತುಗಳ ಮೇವು. ಟ್ರಾಕ್ಟರು ಬಂದು ಎತ್ತುಗಳು ಕಡಿಮೆಯಾದಾಗ ಆ ಮೇವಿನ ಬೆಲೆಯೂ ತಗ್ಗಿತು. ಭತ್ತವನ್ನು ಯಂತ್ರ ಕೊಯ್ಯುತ್ತದೆ. ಹಿಂಗಾರಿ ಜೋಳಕ್ಕೆ ಆಳು ಬೇಕು. ಮತ್ತೆ ಹಕ್ಕಿಗಳ ಕಾಟ. ಊರೆಲ್ಲ ಜೋಳ ಬಿತ್ತಿದಾಗ ಹಕ್ಕಿ ತಿಂದುದು ಎಲ್ಲರಿಗೂ ಹಂಚಿಹೋಗುತ್ತಿತ್ತು. ಭತ್ತದ ನಡುವೆ ಒಬ್ಬನೇ ಎರಡೆಕರೆ ಜೋಳ ಹಾಕಿದರೆ ಸೀಮೆಯ ಗುಬ್ಬಿ-ಗಿಳಿಗಳೆಲ್ಲ ಅವನ ಅತಿಥಿಗಳೇ. ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ನಿಂತ ಜೋಳದ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಿದ್ದ ಮನೆಗಳು, ಈಗ ಆ ದಿನ ಕೊಯ್ಲಾದ ಗದ್ದೆಯ ಬದುವಿನ ಮೇಲೆ ಬುತ್ತಿ ಬಿಚ್ಚಬೇಕಾಗಿದೆ.

ಅನ್ನವೇ ಅಗ್ಗವಾಗಿ, 2013ರಿಂದ ‘ಅನ್ನಭಾಗ್ಯ’ದ ಅಕ್ಕಿಯೂ ಮನೆಗೆ ಬರತೊಡಗಿದ ಮೇಲೆ, ದಿನಕ್ಕೆರಡು ಹೊತ್ತು ರೊಟ್ಟಿ ಬಡಿಯುವ ಮನೆಗಳು ಕಡಿಮೆಯಾದುದರಲ್ಲಿ ಅಚ್ಚರಿಯೇನು? ಮನೆಯಲ್ಲಿ ತಪ್ಪಿಹೋದ ರೊಟ್ಟಿಯನ್ನು ಹುಡುಕಿಕೊಂಡು ಜನ ಖಾನಾವಳಿಗೆ ಬರುತ್ತಾರೆ. ಪ್ರವಾಸಿಗಳು ಬಂದು ಉಂಡು ಹೊಗಳುವುದಿರಲಿ, ಖಾನಾವಳಿಯ ನಿತ್ಯದ ಗಿರಾಕಿಗಳಲ್ಲಿ ಅಕ್ಕಿ ಬೆಳೆಯುವ ರೈತರೇ ಬಹಳ.

ಕ್ಯಾಂಪಿನ ಊಟ

ಆಂಧ್ರದವರು ಬಂದಲ್ಲಿ ಅವರ ಮೆಸ್ಸೂ ಬಂದಿತು. ಅಲ್ಲಿ ಅನ್ನವೇ ದೊರೆ. ಬಿಸಿ ಅನ್ನದ ಮೇಲೆ ಮೊದಲು ಖಾರದ ಪುಡಿ, ತುಪ್ಪ; ಆಮೇಲೆ ಪಪ್ಪು, ಪುಲುಸು, ಆವಕಾಯಿ, ಕೊನೆಗೆ ಗಟ್ಟಿ ಮೊಸರು. ಬೆಳಗ್ಗೆ ಹೋದರೆ ಹೆಸರುಕಾಳನ್ನು ನೆನೆಸಿ ರುಬ್ಬಿ ಹುಯ್ದ ಪೆಸರಟ್ಟು. ಹಸಿವು ಜೋರಾಗಿರುವ ಯುವಕರಿಗೆ ಖಾನಾವಳಿಗಿಂತ ಮೆಸ್ಸೇ ವಾಸಿ. ಅಲ್ಲಿ ಅನ್ನಕ್ಕೆ ಲೆಕ್ಕವಿಲ್ಲ.

ಆದರೆ ಮೆಸ್ಸಿಗೆ ಹೋದವರು ಅವಶ್ಯವಾಗಿ ಕೇಳಿ ಹಾಕಿಸಿಕೊಳ್ಳಬೇಕಾದುದು ಗೋಂಗೂರ. ಆಂಧ್ರದವರ ಅಭಿಮಾನದ ಈ ಸೊಪ್ಪು ಬೇರೆ ಯಾವುದೂ ಅಲ್ಲ, ಉತ್ತರ ಕರ್ನಾಟಕದ ಪುಂಡಿ ಪಲ್ಯವೇ. ಅದೇ ಹುಳಿ, ಅದೇ ಎಲೆ. ಖಾನಾವಳಿಯಲ್ಲಿ ಅದು ಜೋಳದ ನುಚ್ಚಿನೊಡನೆಯೋ ಬೇಳೆಯೊಡನೆಯೋ ಬೆಂದು, ಬೆಳ್ಳುಳ್ಳಿಯ ಒಗ್ಗರಣೆ ಹಾಕಿಸಿಕೊಂಡು ರೊಟ್ಟಿಯ ಪಕ್ಕದಲ್ಲಿ ಕೂರುತ್ತದೆ. ಮೆಸ್ಸಿನಲ್ಲಿ ಎಣ್ಣೆಯಲ್ಲಿ ಬಾಡಿ, ಒಣಮೆಣಸಿನಕಾಯಿಯೊಡನೆ ಅರೆದು ಪಚ್ಚಡಿಯಾಗಿ ಅನ್ನಕ್ಕೆ ಬೀಳುತ್ತದೆ. ಒಂದೇ ದಿನ ಮಧ್ಯಾಹ್ನ ಇಲ್ಲಿ, ರಾತ್ರಿ ಅಲ್ಲಿ ಉಂಡು ಎರಡನ್ನೂ ಹೋಲಿಸಿ ನೋಡುವಷ್ಟು ಬಿಡುವು ಮಾಡಿಕೊಳ್ಳುವುದು ಲೇಸು. ಯಾವುದು ಮೇಲೆಂಬ ತೀರ್ಪನ್ನು ಮಾತ್ರ ಆ ಊರಿನಲ್ಲಿ ಗಟ್ಟಿಯಾಗಿ ಹೇಳಬಾರದು.

ಸಿಂಧನೂರಿನ ಹತ್ತಿರ ಇನ್ನೊಂದು ಬಗೆಯ ಕ್ಯಾಂಪುಗಳಿವೆ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರನ್ನು ಸರಕಾರ ಭೂಮಿ ಕೊಟ್ಟು ನೆಲೆಗೊಳಿಸಿದ ಪುನರ್ವಸತಿ ಕ್ಯಾಂಪುಗಳು ಅವು. ಜನರ ಬಾಯಲ್ಲಿ ‘ಆರ್.ಎಚ್. ಕ್ಯಾಂಪು’. ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಕನ್ನಡ, ಗದ್ದೆಯಲ್ಲಿ ಭತ್ತ, ತಟ್ಟೆಯಲ್ಲಿ ಅನ್ನ-ಮೀನು. ನಾಡನ್ನೇ ಕಳೆದುಕೊಂಡು ಬಂದವರು ಹೊಳೆಯ ಮೀನಿನ ಸಾರಿನಲ್ಲಿ ಅದರ ಒಂದು ಅಂಶವನ್ನು ಉಳಿಸಿಕೊಂಡಿದ್ದಾರೆ. ಮಾಂಸಾಹಾರದ ಮಾತು ಬಂದಾಗ ಇನ್ನೆರಡನ್ನು ಹೇಳಬಹುದು: ನಿಜಾಮರ ಕಾಲದ ನೆನಪನ್ನು ಬಾಯಲ್ಲಿ ಉಳಿಸಿರುವ ದಮ್ ಬಿರಿಯಾನಿ ಒಂದು, ಹುಬ್ಬಳ್ಳಿ-ಗದಗಿನ ಕಡೆಯ ಸಾವಜಿ ಅಡುಗೆ ಮತ್ತೊಂದು. ಎರಡನೆಯದರ ಖಾರಕ್ಕೆ ಮೊದಲೇ ಮಾನಸಿಕ ಸಿದ್ಧತೆ ಅಗತ್ಯ.

ಒಲೆಯ ಮುಂದಿನ ಕೈಗಳು

ಖಾನಾವಳಿಯ ಒಳಗೆ ಇಣುಕಿ ನೋಡುವುದು ಸಭ್ಯತೆಯಲ್ಲವಾದರೂ, ಹೆಂಗಸರಿಗೆ ಆ ಅವಕಾಶ ಸುಲಭವಾಗಿ ಸಿಗುತ್ತದೆ. ಅಲ್ಲಿ ಕಾಣುವುದು ಉರಿಯ ಮುಂದೆ ಕುಳಿತ ಇಬ್ಬರೋ ಮೂವರೋ ಹೆಣ್ಣುಮಕ್ಕಳು. ಒಬ್ಬಳು ಹಿಟ್ಟನ್ನು ನಾದುತ್ತಾಳೆ, ಇನ್ನೊಬ್ಬಳು ಬಡಿಯುತ್ತಾಳೆ, ಮತ್ತೊಬ್ಬಳು ಬೇಯಿಸುತ್ತಾಳೆ. ಹೊರಗೆ ರಾಯಚೂರಿನ ಬೇಸಿಗೆ, ಒಳಗೆ ಹಂಚಿನ ಬೇಗೆ. ದಿನಗೂಲಿಯೋ ರೊಟ್ಟಿಗಿಷ್ಟೆಂಬ ಲೆಕ್ಕವೋ ಖಾನಾವಳಿಯಿಂದ ಖಾನಾವಳಿಗೆ ಬೇರೆ. ಬೆನ್ನು, ಮಣಿಕಟ್ಟುಗಳ ನೋವು ಮಾತ್ರ ಎಲ್ಲ ಕಡೆಗೂ ಒಂದೇ. ಹಂಚಿನಿಂದ ತಟ್ಟೆಗೆ ಬರುವ ಬಿಸಿರೊಟ್ಟಿಯನ್ನು ಬೆಂಗಳೂರಿನವರು ಬೆರಗಿನಿಂದ ಹೊಗಳುವಾಗ ಈ ಕೈಗಳು ಅವರಿಗೆ ಕಾಣುವುದಿಲ್ಲ. ಸಂಜೆ ತನ್ನ ಮನೆಗೆ ಮರಳಿದ ಮೇಲೆ ಆಕೆ ಮತ್ತೆ ಹಿಟ್ಟಿಗೆ ಕೈಹಾಕದೆ, ಪಡಿತರದ ಅಕ್ಕಿಯನ್ನು ಒಲೆಯ ಮೇಲಿಟ್ಟರೆ ಯಾರು ತಾನೇ ಆಕ್ಷೇಪಿಸಿಯಾರು?

ಹೊಸ ತಲೆಮಾರಿನ ಹುಡುಗಿಯರು ಈ ಕೆಲಸಕ್ಕೆ ಬರಲು ಒಪ್ಪುತ್ತಿಲ್ಲವೆಂಬ ಗೊಣಗಾಟ ಗಲ್ಲೆಯ ಹಿಂದಿನಿಂದ ಕೇಳಿಬರುವುದುಂಟು. ಓದಿ ಕೆಲಸ ಹಿಡಿಯಬಯಸುವ ಹುಡುಗಿಯನ್ನು ರೊಟ್ಟಿಯ ಉದ್ಧಾರಕ್ಕಾಗಿ ಹಂಚಿನ ಮುಂದೆ ಕೂರಿಸುವುದು ನ್ಯಾಯವೂ ಅಲ್ಲ. ಅದಕ್ಕೆ ಉತ್ತರವಾಗಿ ರೊಟ್ಟಿಯ ಯಂತ್ರಗಳು ಬಂದಿವೆ. ಕಲಬುರಗಿ ಜಿಲ್ಲೆಯಲ್ಲಿ ಮಹಿಳಾ ಸ್ವಸಹಾಯ ಸಂಘಗಳ ರೊಟ್ಟಿಗೆ ‘ಕಲಬುರಗಿ ರೊಟ್ಟಿ’ಯೆಂಬ ಹೆಸರು ಕೊಟ್ಟು ದೂರದ ಊರುಗಳಿಗೆ ಮಾರುವ ಏರ್ಪಾಡಾಗಿದೆ. ಯಂತ್ರದ ರೊಟ್ಟಿ ಚಂದ್ರನಂತೆ ದುಂಡಗೆ, ಒಂದರಂತೆ ಒಂದು, ತಿನ್ನಲು ಅಡ್ಡಿಯಿಲ್ಲ. ಕೈರೊಟ್ಟಿಯ ನಡುವಿನ ಮೆತ್ತನೆಯ ಪದರು ಮತ್ತು ಅಂಚಿನ ಸುಟ್ಟ ಕಲೆ ಅದಕ್ಕೆ ಬಂದಿಲ್ಲ. ಆದರೂ ಮಾಡುವವಳ ಹೆಸರಿನಲ್ಲಿ ಲಾಭದ ಲೆಕ್ಕ ಬೀಳುವುದಾದರೆ ಕಲೆ ಇಲ್ಲದ ರೊಟ್ಟಿಗೂ ಒಂದು ರುಚಿಯುಂಟೆನ್ನಬೇಕು.

ಜೋಳ ಎಲ್ಲಿಂದ?

ಸಿಂಧನೂರಿನ ಖಾನಾವಳಿಗೆ ಜೋಳ ಬರಬೇಕಾದುದು ಕಾಲುವೆಯಿಲ್ಲದ ಕಡೆಯಿಂದ: ವಿಜಯಪುರದ ಎರೆಬಯಲಿನಿಂದ, ಲಿಂಗಸುಗೂರು, ಮಸ್ಕಿ, ಕುಷ್ಟಗಿಗಳ ಮಳೆಯಾಶ್ರಿತ ಹೊಲಗಳಿಂದ. ಮಸ್ಕಿ ಎಂದೊಡನೆ ಚರಿತ್ರೆ ಓದಿದವರಿಗೆ ಅಶೋಕನ ನೆನಪಾಗುತ್ತದೆ. 1915ರಲ್ಲಿ ಅಲ್ಲಿ ದೊರೆತ ಶಾಸನದಲ್ಲಿಯೇ ದೇವಾನಾಂಪ್ರಿಯನ ನಿಜನಾಮ ಮೊದಲು ಬೆಳಕಿಗೆ ಬಂದುದು. ಅಲ್ಲಿಯ ರೈತರಿಗೆ ಅದಕ್ಕಿಂತ ದೊಡ್ಡ ನೆನಪು ಮತ್ತೊಂದಿದೆ. ನಾರಾಯಣಪುರ ಬಲದಂಡೆಯ 5ಎ ಶಾಖಾ ಕಾಲುವೆ ಬೇಕೆಂದು ಅವರು 2020ರ ಕೊನೆಯಲ್ಲಿ ಪಾಮನಕಲ್ಲೂರಿನಲ್ಲಿ ಧರಣಿ ಕುಳಿತರು. ಧರಣಿ ತಿಂಗಳುಗಟ್ಟಲೆ ನಡೆಯಿತು. 2021ರ ಮಸ್ಕಿ ಉಪಚುನಾವಣೆಯಲ್ಲಿ ಅದೇ ದೊಡ್ಡ ವಿಷಯವಾಯಿತು.

ಒಳ್ಳೆಯ ಜೋಳ ಬೆಳೆಯುವ ನೆಲ ಅದು. ಅಲ್ಲಿಗೂ ನೀರು ಬಂದರೆ ಜೋಳ ಉಳಿದೀತೇ ಎಂದು ಖಾನಾವಳಿಯ ಮೇಜಿನ ಮುಂದೆ ಕುಳಿತವನು ಕೇಳಬಹುದು. ಆದರೆ ರೊಟ್ಟಿಯ ರುಚಿಗಾಗಿ ಮತ್ತೊಬ್ಬನ ಹೊಲ ಒಣಗಿರಲೆಂದು ಬಯಸುವುದು ಉಂಡ ಮನೆಯ ಜಂತೆ ಎಣಿಸಿದಂತೆ. ಒಣಬೇಸಾಯದಲ್ಲಿ ಎಕರೆಗೆ ಎಷ್ಟು ಬರುತ್ತದೆ, ಬಾರದ ವರ್ಷ ಏನಾಗುತ್ತದೆ, ಎಷ್ಟು ಮಂದಿ ಗುಳೆ ಹೋಗುತ್ತಾರೆ ಎಂಬುದು ಅಲ್ಲಿಯವರಿಗೇ ಗೊತ್ತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಪಟ್ಟಣಗಳಲ್ಲಿ ಜೋಳಕ್ಕೆ ಆರೋಗ್ಯದ ಆಹಾರವೆಂಬ ಹೊಸ ಗೌರವ ಬಂದಿದೆ. ಆ ಗೌರವದಲ್ಲಿ ಎಷ್ಟು ಭಾಗ ಮಸ್ಕಿಯ ರೈತನ ಕೈಗೆ ಬೆಲೆಯಾಗಿ ಮುಟ್ಟುತ್ತದೆ ಎನ್ನುವುದರ ಮೇಲೆ, ನೀರು ಬಂದ ಮೇಲೂ ಅವನು ಏನು ಬಿತ್ತುತ್ತಾನೆಂಬುದು ನಿಂತಿದೆ.

ಇತ್ತ ಕಾಲುವೆಯ ನೀರೂ ಶಾಶ್ವತವೆಂದು ನೆಚ್ಚುವಂತಿಲ್ಲ. 133 ಟಿಎಂಸಿ ಅಡಿ ನೀರು ಹಿಡಿಯಬೇಕಾಗಿದ್ದ ತುಂಗಭದ್ರಾ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಅದರ ಹತ್ತೊಂಬತ್ತನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ತುಂಬಿದ ಜಲಾಶಯದಿಂದ ನೀರು ಕಣ್ಣೆದುರಿಗೇ ಹರಿದುಹೋಗುವುದನ್ನು ಈ ಸೀಮೆ ಉಸಿರು ಬಿಗಿಹಿಡಿದು ನೋಡಿತು. ಕೆಲವೇ ದಿನಗಳಲ್ಲಿ ತಾತ್ಕಾಲಿಕ ತಡೆಯನ್ನು ಇಳಿಸಿ ಹರಿವನ್ನು ನಿಲ್ಲಿಸಿದರೂ, ಆ ದಿನಗಳಲ್ಲಿ ಖಾನಾವಳಿಯ ಮೇಜುಗಳ ಮೇಲೆ ಬೇರೆ ಮಾತಿಗೆ ಸ್ಥಳವಿದ್ದಿರಲಾರದು. ಅತ್ತ ನಿಂತ ನೀರಿನಿಂದ ಸವಳು-ಜವಳಾದ ಗದ್ದೆಗಳು. ಅವುಗಳನ್ನು ಹದಕ್ಕೆ ತರುವ ಬಗೆಯನ್ನು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಅಭ್ಯಾಸ ಮಾಡುತ್ತಿದ್ದಾರೆ.

ಹೊರಡುವವರಿಗೆ

ಸಿಂಧನೂರಿಗೆ ಈಗ ಹೋಗುವುದು ಮೊದಲಿಗಿಂತ ಸುಲಭ. ಗಿಣಿಗೇರಾ-ಮೆಹಬೂಬನಗರ ರೈಲುಮಾರ್ಗದ ಕೆಲಸ ಬಹುಕಾಲ ಎಳೆದಾಡಿ, 2024ರಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲು ಸಿಂಧನೂರಿನವರೆಗೆ ಬಂದಿತು. ಬೇಸಿಗೆಯನ್ನು ಬಿಟ್ಟು ಮಾರ್ಗಶಿರ-ಪುಷ್ಯಗಳಲ್ಲಿ ಹೋಗುವುದು ಮೇಲು. ಆಗ ಹಸಿ ಸೊಪ್ಪುಗಳು ಹೇರಳ, ಬದನೆ ಎಳೆಯದು, ಸಂಕ್ರಾಂತಿಯ ಹೊತ್ತಿಗೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯೂ ಸಿಕ್ಕೀತು.

ಮರಳುವಾಗ ಮನೆಗೆ ಒಯ್ಯಲು ಕಟಕ ರೊಟ್ಟಿಯನ್ನು ಕೊಳ್ಳಬಹುದು. ತೆಳುವಾಗಿ ಬಡಿದು, ಒಲೆಯ ಬಿಸಿಯಲ್ಲಿ ಗರಿಯಾಗುವವರೆಗೆ ಒಣಗಿಸಿದ ಇದು ವಾರಗಟ್ಟಲೆ ಕೆಡುವುದಿಲ್ಲ. ತೇವ ತಾಕದಂತೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಬೇಕು. ಪೆಟ್ಟಿಗೆಯ ತಳದಲ್ಲಿ ಇಟ್ಟವರು ಬೆಂಗಳೂರಿನಲ್ಲಿ ಬಿಚ್ಚುವಾಗ ಪುಡಿಯನ್ನೇ ಕಾಣುತ್ತಾರೆ. ಪುಡಿಯಾದರೂ ಎಸೆಯಬೇಕಾಗಿಲ್ಲ: ಅದನ್ನು ಬಟ್ಟಲಿಗೆ ಹಾಕಿ, ಗಟ್ಟಿ ಮೊಸರು, ಹೆಚ್ಚಿದ ಉಳ್ಳಾಗಡ್ಡಿ, ಒಂದು ಚಮಚ ಶೇಂಗಾ ಚಟ್ನಿ ಬೆರೆಸಿ ಹತ್ತು ನಿಮಿಷ ಬಿಟ್ಟರೆ, ರಾತ್ರಿಯ ಊಟಕ್ಕೆ ಬೇರೆ ಅಡುಗೆ ಬೇಕಾಗುವುದಿಲ್ಲ.